ವಾರಿಜಾ ಮೇಡಂ ಹುಡುಕಿದ ಫೋರಂ

ಪದ್ಮನಾಭನಗರದ ವಾರಿಜಾ ಮೇಡಂ ಜಯನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಚಿಕ್ಕ ವಯಸ್ಸಿಗೇ ಅವರ ಬೆರಳುಗಳ ಮೇಲೆ ತೊನ್ನು ಕಾಣಿಸಿಕೊಂಡಿತ್ತು. ಹೊಸ ವಿದ್ಯಾರ್ಥಿಗಳು ಮೊದಲು ಅದನ್ನು ಸೀಮೆಸುಣ್ಣದ ಪುಡಿ ಎಂದುಕೊಳ್ಳುತ್ತಿದ್ದರು. ನಿಜ ತಿಳಿದ ಮೇಲೆ, ಅವರು ಕೊಟ್ಟ ಪುಸ್ತಕವನ್ನು ಅಂಚು ಹಿಡಿದು ತೆಗೆದುಕೊಳ್ಳುತ್ತಿದ್ದರು. ಅದನ್ನೆಲ್ಲ ನುಂಗಿಕೊಂಡು ಬದುಕಿದ ಮೇಡಂ, ನಿವೃತ್ತಿಯ ನಂತರ ತೊನ್ನಿರುವವರಿಗಾಗಿ ಕನ್ನಡದಲ್ಲೊಂದು ವೆಬ್‌ಸೈಟ್ ತೆರೆದರು. ಅದರಲ್ಲೊಂದು ಫೋರಂ. ಯಾರು ಬೇಕಾದರೂ ಬೇರೆ ಹೆಸರಿಟ್ಟುಕೊಂಡು ತಮ್ಮ ಕಷ್ಟ ಬರೆಯಬಹುದು, ಉಳಿದವರು ಉತ್ತರಿಸಬಹುದು. ಹೆಣ್ಣು ನೋಡಲು ಬಂದವರಿಗೆ ಯಾವಾಗ ಹೇಳಬೇಕು, ಕ್ಯಾಂಟೀನಿನಲ್ಲಿ ಪಕ್ಕ ಕೂರದವರಿಗೆ ಏನನ್ನಬೇಕು, ಇಂಥ ಮಾತುಗಳು.

ಒಂದು ಬೆಳಿಗ್ಗೆ ಚಿಕ್ಕಲಸಂದ್ರದ ಸದಸ್ಯೆ ರಮ್ಯ ಫೋನ್ ಮಾಡಿದಳು.

"ಮೇಡಂ, ತೊನ್ನಿಗೆ ಔಷಧಿ ಕೊಡ್ತೀವಿ ಅಂತ ಯಾರೋ ಫೋನ್ ಮಾಡಿದ್ರು. ಎತ್ತಿದ್ದು ನಮ್ಮತ್ತೆ. ನಮ್ಮೆಜಮಾನ್ರನ್ನ ಬಿಟ್ರೆ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ನಿಮ್ ಸೈಟಲ್ಲಿ ಬಿಟ್ಟು ಇನ್ನೆಲ್ಲೂ ನಾನು ಹೇಳೇ ಇಲ್ಲ."

ವಾರಿಜಾ ಕೂಡಲೇ ಕಂಪ್ಯೂಟರ್ ತೆರೆದು ನೋಡಿದರು. ಫೋರಂನ ಸಾಫ್ಟ್‌ವೇರನ್ನು ಅದರ ತಯಾರಕರು ಎಂದೋ ಕೈಬಿಟ್ಟಿದ್ದರು. ಅದರ ಬಿರುಕಿನಿಂದ ಯಾರೋ ಒಳನುಗ್ಗಿ ಸದಸ್ಯರು ಸೇರುವಾಗ ಕೊಟ್ಟಿದ್ದ ಫೋನ್ ನಂಬರುಗಳನ್ನೆಲ್ಲ ಎತ್ತಿಕೊಂಡು ಹೋಗಿದ್ದರು. ಅಂದೇ ಮೇಡಂ ಫೋರಂ ಮುಚ್ಚಿ, ನಂಬಿಕೆಗೆ ತಕ್ಕ ಬೇರೆ ಸಾಫ್ಟ್‌ವೇರೊಂದನ್ನು ಹುಡುಕಲು ಕೂತರು.

"ಸುಮ್ನೆ ಒಂದು ವಾಟ್ಸಾಪ್ ಗ್ರೂಪ್ ಮಾಡ್ಬಿಡಿ ಅತ್ತೆ," ಎಂದ ಅವರ ತಮ್ಮನ ಮಗ ಸುಮೇಧ.

"ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತಲ್ಲೋ! ಅದರಿಂದಾನೇ ತಾನೆ ಈ ಫಜೀತಿ?"

ಇಂಟರ್‌ನೆಟ್ಟಿನಲ್ಲಿ ಓದಿದರೆ ಪ್ರತಿಯೊಬ್ಬನೂ ಬೇರೆ ಬೇರೆಯದನ್ನು ಹೊಗಳಿದ್ದ. ಹೊಗಳಿಕೆಯ ಕೆಳಗೇ ಕೊಳ್ಳುವ ಬಟನ್ ಇರುತ್ತಿತ್ತು. ಒಂದು ಕಂಪನಿಗೆ, ಕಳ್ಳರು ನುಗ್ಗಿದರೆ ನೀವೇನು ಮಾಡುತ್ತೀರಿ ಎಂದು ಬರೆದು ಕೇಳಿದರು. ಉತ್ತರ ಬರಲಿಲ್ಲ. ಮಾರಾಟದವರ ಫೋನುಗಳು ಮಾತ್ರ ಊಟದ ಹೊತ್ತಿಗೆ ಸರಿಯಾಗಿ ಬರತೊಡಗಿದವು.

ಕೊನೆಗೆ ಜೆ.ಪಿ. ನಗರದಲ್ಲಿ ವೆಬ್‌ಸೈಟ್ ಮಾಡಿಕೊಡುವ ವೇಣು ಎಂಬವನ ಆಫೀಸಿಗೆ ಹೋದರು.

"ಇದು ಸಖತ್ತಾಗಿದೆ ಮೇಡಂ. ಹಂಡ್ರೆಡ್ ಪರ್ಸೆಂಟ್ ಸೇಫ್," ಎಂದು ಅವನು ಒಂದು ಫೋರಂ ತೆರೆದು ತೋರಿಸಿದ.

ವಾರಿಜಾ ಅಲ್ಲೇ ಒಂದು ಖಾತೆ ತೆರೆದು, ತಮ್ಮ ಕೈಯ ಫೋಟೋ ಹಾಕಿ, ಮತ್ತೆ ಖಾತೆಯನ್ನೇ ಅಳಿಸಿಹಾಕಿದರು. ಆಮೇಲೆ ಆ ಫೋಟೋದ ಲಿಂಕ್ ಒತ್ತಿದರು. ಬಿಳಿ ಮಚ್ಚೆಗಳ ಕೈ ಹಾಗೇ ತೆರೆದುಕೊಂಡಿತು.

"ಅಳಿಸಿದೆನಲ್ಲಪ್ಪ, ಮತ್ತೆ ಇದೇನು?"

"ಅದನ್ನ ಯಾರ್ ನೋಡ್ತಾರೆ ಬಿಡಿ ಮೇಡಂ."

"ನಾನು ನೋಡ್ದೆನಲ್ಲ!" ಎನ್ನುತ್ತ ಮೇಡಂ ಎದ್ದುಬಿಟ್ಟರು. ಮನೆಗೆ ಬರುವ ಬಸ್ಸಿನಲ್ಲಿ ಅವರಿಗೆ ಅಳುವಷ್ಟು ಸಿಟ್ಟು ಬಂದಿತ್ತು.

ಹುಡುಕಿ ಹುಡುಕಿ ಸಾಕಾದ ಮೇಲೆ ಒಂದು ಸಿಕ್ಕಿತು. ಅಂದಚಂದ ಏನೂ ಇಲ್ಲದ್ದು. ಆದರೆ ಅದರಲ್ಲಿ ಕಂಡ ಪ್ರತಿ ದೋಷವನ್ನೂ, ಅದನ್ನು ಸರಿಪಡಿಸಿದ ರೀತಿಯನ್ನೂ ತಯಾರಕರು ಎಲ್ಲರಿಗೂ ಕಾಣುವಂತೆ ಬರೆದಿಡುತ್ತಿದ್ದರು.

"ಅಯ್ಯೋ, ಇಷ್ಟೊಂದು ತೂತಿರೋದನ್ನ ತಗೋತೀರಾ?" ಎಂದು ಸುಮೇಧ ಕಣ್ಣರಳಿಸಿದ.

"ತೂತು ಎಲ್ಲದರಲ್ಲೂ ಇರುತ್ತೆ ಕಣೋ. ಇವರು ಒಪ್ಕೊಂಡು ಮುಚ್ತಾರೆ."

ಇಲ್ಲೂ ಕೈಯ ಫೋಟೋ ಹಾಕಿ, ಅಳಿಸಿ ನೋಡಿದರು. ಮತ್ತೆ ತೆರೆಯಲಿಲ್ಲ. ಫೋನ್ ನಂಬರ್ ಕೇಳುವ ಜಾಗವನ್ನೇ ತೆಗೆಸಿ ಫೋರಂ ಮತ್ತೆ ಶುರುಮಾಡಿದರು. ಹಳೆಯ ಸದಸ್ಯರಲ್ಲಿ ಬಂದವರು ಕೆಲವರೇ. ಅವರಲ್ಲೊಬ್ಬ, "ಇದು ನೋಡಕ್ಕೆ ಚೆನ್ನಾಗಿಲ್ಲ, ಮೊದಲಿನದೇ ಹಾಕಿ," ಎಂದು ಬರೆದ. ವಾರಿಜಾ ಹಣೆ ಚಚ್ಚಿಕೊಂಡರು.

ರಮ್ಯಳ ಸುದ್ದಿಯೇ ಇರಲಿಲ್ಲ. ತಾವಾಗೇ ಫೋನ್ ಮಾಡಿದರು.

"ಬರಲ್ಲ ಮೇಡಂ, ತಪ್ಪು ತಿಳ್ಕೋಬೇಡಿ. ಅತ್ತೆ ಈಗ ನನ್ನ ಟವೆಲ್, ಲೋಟ ಎಲ್ಲಾ ಬೇರೆ ಇಟ್ಟಿದಾರೆ."

ಮೇಡಂ ಫೋನಿಟ್ಟು ಕಂಪ್ಯೂಟರಿನ ಮುಂದೆ ಬಂದರೆ, ಹೊಸದಾಗಿ ಬಂದ ಯಾರೋ ಕೇಳಿದ್ದರು: "ಇಲ್ಲಿ ಬರೆದಿದ್ದು ಹೊರಗೆ ಯಾರಿಗೂ ಗೊತ್ತಾಗಲ್ಲ ತಾನೆ?"

"ಗೊತ್ತಾಗಲ್ಲ" ಎಂದು ಬರೆದರು. ಅಳಿಸಿದರು. "ನಿಮ್ಮ ನಂಬರ್ ನಾವು ಕೇಳುವುದಿಲ್ಲ. ಅಳಿಸಿ ಅಂದರೆ ಅಳಿಸುತ್ತೇವೆ. ಅದಕ್ಕಿಂತ ದೊಡ್ಡ ಮಾತು ಕೊಡಲಾರೆ," ಎಂದು ಬರೆದು ಕಳಿಸಿದರು.

ಸಂಜೆಯವರೆಗೂ ಆ ಕಡೆಯಿಂದ ಉತ್ತರವಿರಲಿಲ್ಲ. ವಾರಿಜಾ ಫೋರಂ ತೆರೆದಿಟ್ಟುಕೊಂಡೇ ಕೂತಿದ್ದರು.