ಯುದ್ಧದ ಸಿನಿಮಾದಲ್ಲಿ ಊಟ ತಂದವರು ಯಾರು?

ಬನಹಟ್ಟಿಯ ಪವರ್‌ಲೂಮ್‌ಗಳ ನಡುವೆ ಮೂವತ್ತೈದು ವರ್ಷ ದುಡಿದವನು ನಾನು. ಮಗ್ಗದ ಸದ್ದಿಗೆ ಕಿವಿ ಮಂದವಾಗಿದೆ. ಆದರೂ ಸಿನಿಮಾದ ಹುಚ್ಚು ಬಿಟ್ಟಿಲ್ಲ. ಜಮಖಂಡಿ, ಮುಧೋಳ, ಮಹಾಲಿಂಗಪುರ, ಎಲ್ಲಿ ಹೊಸ ಚಿತ್ರ ಬಂದರೂ ವಾರದ ರಜೆಗೆ ಬಸ್ಸು ಹತ್ತುತ್ತೇನೆ. ಮಾತು ಅರ್ಧ ಕೇಳಿಸದಿದ್ದರೂ ಮುಖ ನೋಡಿ ಕಥೆ ತಿಳಿಯಬೇಕು. ಹಾಗೆ ತಿಳಿದರೆ ಅದು ಒಳ್ಳೆಯ ಸಿನಿಮಾ ಎಂಬುದು ನನ್ನ ಲೆಕ್ಕ.

ಹೋದ ವರ್ಷ ಜಮಖಂಡಿಗೆ ಒಂದು ಯುದ್ಧದ ಚಿತ್ರ ಬಂದಿತ್ತು. ಗಡಿಯ ಗುಡ್ಡವೊಂದನ್ನು ಕಾಯುವ ಸಣ್ಣ ತುಕಡಿಯ ಕಥೆ. ಮೊದಲ ಸಲ ಒಬ್ಬನೇ ನೋಡಿ ಬಂದೆ, ಬಹಳ ಹಿಡಿಸಿತು. ಶತ್ರು ಸೈನಿಕನನ್ನು ರಾಕ್ಷಸನಂತೆ ತೋರಿಸಿರಲಿಲ್ಲ. ಅವನೂ ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದ. ನಡುವಿನ ಹಾಡು ಬೇಕಿರಲಿಲ್ಲ. ನಾಯಕ ಸಾಯುವ ಮುಂಚೆ ಆಡುವ ಮಾತು ಉದ್ದವಾಯಿತು. ಅಷ್ಟು ಬಿಟ್ಟರೆ ತಪ್ಪು ಹುಡುಕುವಂಥದ್ದು ಏನೂ ಕಾಣಲಿಲ್ಲ.

ಚಿಮ್ಮಡದಲ್ಲಿ ನನ್ನ ಅಕ್ಕನ ಮನೆ. ಅವಳ ಗಂಡ, ಅಂದರೆ ನಮ್ಮ ಮಾವ, ಸೈನ್ಯದಲ್ಲಿ ಅಡುಗೆಯವರಾಗಿದ್ದು ನಿವೃತ್ತರಾದವರು. ಒಂದು ಯುದ್ಧವನ್ನೂ ಕಂಡವರು. ಆದರೆ ಊರಿನಲ್ಲಿ ಅದರ ಬಗ್ಗೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಬಂದೂಕು ಹಿಡಿದವರನ್ನು ಕೇಳುತ್ತಿದ್ದರು. ನಾನೂ ಕೇಳಿದವನಲ್ಲ. ಈ ಚಿತ್ರ ಅವರಿಗೆ ತೋರಿಸಬೇಕು ಅನ್ನಿಸಿ, ಮುಂದಿನ ವಾರ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ.

ಮಾವ ಕೈಕಟ್ಟಿ ಕುಳಿತು ಪೂರ್ತಿ ನೋಡಿದರು. ನಾನು ಅಳುವ ಕಡೆ ಅವರು ಅಳಲಿಲ್ಲ. ಹೊರಗೆ ಬಂದು ಚಹಾ ಹೇಳಿದ ಮೇಲೆ ಕೇಳಿದೆ.

"ಹೆಂಗಿತ್ರಿ ಮಾವ?"

"ಛಲೋ ಐತಿ. ಆದ್ರ ತಮ್ಮಾ, ಅಷ್ಟ ಮಂದಿ ಎಂಟ ದಿನ ಗುಡ್ಡದ ಮ್ಯಾಲ ಕುಂತಾರ. ಊಟ ಯಾರ ತಂದ್ರು?"

ನನಗೆ ನಗು ಬಂತು. "ಸಿನಿಮಾದಾಗ ಅದನ್ನೆಲ್ಲಾ ತೋರಸಾಕ ಆಗತೈತೇನ್ರಿ?"

"ಯಾಕ ಆಗೂದಿಲ್ಲ? ಅಷ್ಟ ಹೊತ್ತು ಹಾಡ ಹಾಡಾಕ ಟೈಮ್ ಐತಿ, ಒಂದ ತುತ್ತು ಉಣ್ಣೂದು ತೋರಸಾಕ ಇಲ್ಲೇನು?"

ಮಾವ ಚಹಾ ಕುಡಿದು ಕಪ್ಪು ಕೆಳಗಿಟ್ಟರು. ಆಮೇಲೆ ತಾವಾಗಿಯೇ ಹೇಳತೊಡಗಿದರು.

"ಒಂದಿನ ಪೂರಿ, ಆಲೂಗಡ್ಡಿ ಪಲ್ಯ ಮಾಡಿದ್ದೆ. ಚೀಲದಾಗ ಕಟ್ಟಿಗೊಂಡು ನಾವು ಮೂರ ಮಂದಿ ಗುಡ್ಡ ಏರಿದ್ವಿ. ಮುಂಜಾನೆ ಬಿಟ್ಟವರು ಮ್ಯಾಲ ಮುಟ್ಟಿದಾಗ ಹೊತ್ತು ಇಳಿದಿತ್ತು. ಹೋಗಿ ನೋಡಿದ್ರ, ನಾ ಯಾರಿಗಂತ ಮಾಡಿದ್ನೋ ಅವರಾಗ ಅರ್ಧ ಮಂದಿ ಇಲ್ಲ. ಮುಂಜಾನಿನ ಗುಂಡ ಬಿದ್ದು ಹೋಗ್ಯಾರ. ಪೂರಿ ಉಳದುವು. ಸಾಹೇಬ್ರು, 'ಇದ್ದವರಿಗೇ ಎರಡ ಪಾಲು ಹಾಕು' ಅಂದ್ರು. ಹಾಕಿದೆ."

"ತಿಂದ್ರೇನ್ರಿ?"

"ತಿಂದ್ರು. ಹಸಿವಿತ್ತು, ತಿಂದ್ರು. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ ನೋಡು. ನನ್ನ ಮಾರೀನೂ ನೋಡಲಿಲ್ಲ."

ಬಸ್ಸಿನಲ್ಲಿ ಮಾವ ಬೇರೆ ಮಾತಾಡಿದರು, ಈ ಸಲದ ಕಬ್ಬಿನ ಬಗ್ಗೆ, ರಸ್ತೆಯ ಬಗ್ಗೆ. ನಾನು ಹೂಂಗುಟ್ಟುತ್ತ ಕುಳಿತಿದ್ದೆ. ಇಷ್ಟು ವರ್ಷ ಇವರ ಕೈಯ ಊಟ ಉಂಡಿದ್ದೇನೆ, ಇವರು ಇಂಥದ್ದೊಂದು ದಿನ ಕಂಡಿದ್ದರೆಂದು ಗೊತ್ತಿರಲಿಲ್ಲ ಎಂಬ ನಾಚಿಕೆ ನನ್ನನ್ನು ಹಿಡಿದಿತ್ತು.

ಚಿಮ್ಮಡ ಮುಟ್ಟಿದ ಮೇಲೆ ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಆಗ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅದಕ್ಕ ಪೂರಿ ಮಾಡಿದ್ರ ಎದ್ದು ಹೊರಗ ಹೋಗತಿದ್ರು. ಎಣ್ಣಿ ಆಗಿ ಬರೂದಿಲ್ಲ ಅಂತ ತಿಳಕೊಂಡಿದ್ದೆ. ನನ್ನ ಮುಂದ ಒಂದಿನಾ ಹೇಳಿಲ್ಲ." ಮಾವ ಒಳಗೆ ಬಂದಾಗ ಅವಳು ಏನೂ ಕೇಳಲಿಲ್ಲ, ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಮೊದಲು ಹಾಕಿದಳು.

ಚಿತ್ರ ಜಮಖಂಡಿಯಿಂದ ಮುಧೋಳಕ್ಕೆ ಹೋದಾಗ ಮೂರನೆಯ ಸಲ ನೋಡಿದೆ. ಈಗಲೂ ಅದನ್ನು ಒಳ್ಳೆಯ ಚಿತ್ರವೆಂದೇ ಹೇಳುತ್ತೇನೆ. ಚಳಿಗೆ ಕೈ ಉಜ್ಜುವ ಆ ಶತ್ರು ಸೈನಿಕನ ಮುಖ ಮರೆಯುವಂಥದ್ದಲ್ಲ. ಆದರೆ ಎಂಟು ದಿನ ಹಸಿದವರ ಕೆನ್ನೆ ನಾಯಕನ ಕೆನ್ನೆಯಂತೆ ಇರುವುದಿಲ್ಲ ಎಂಬುದು ಆ ಸಲ ಕಣ್ಣಿಗೆ ಬಿತ್ತು. ಅವನ ಮುಖ ದುಂಡಗಿತ್ತು, ಈಗಷ್ಟೇ ಉಂಡು ಎದ್ದವನ ಮುಖ.

ತಿಂಗಳಾದ ಮೇಲೆ ಮಾವನೇ ಫೋನ್ ಮಾಡಿದರು. "ತಮ್ಮಾ, ಮಹಾಲಿಂಗಪುರದಾಗ ನಗೂ ಸಿನಿಮಾ ಯಾವುದರ ಬಂದೈತೇನು? ನಿಮ್ಮ ಅಕ್ಕನೂ ಬರತೇನಿ ಅನ್ನಾಕತ್ತಾಳ."

ಮೂವರೂ ಹೋದೆವು. ಚಿತ್ರ ಸುಮಾರಾಗಿತ್ತು. ಇಂಟರ್‌ವಲ್ ಆದ ಮೇಲೆ ಮಾವ ನಿದ್ದೆ ಹೋದರು. ಅಕ್ಕ ಅವರ ತಲೆಗೆ ಭುಜ ಕೊಟ್ಟು, ಕೊನೆಯವರೆಗೂ ಜೋರಾಗಿ ನಕ್ಕಳು.