ಗೇಟಿನ ಮುಂದೆ ಕೂತ ಅಕ್ಕ

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ನನ್ನ ಅಪ್ಪ, ನಾವು ಅಬ್ಬ ಅನ್ನುತ್ತೇವೆ, ಅವರು ಶುರು ಮಾಡಿದ್ದು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇಷ್ಟೇ ನನ್ನ ಲೋಕ. ಹಾಗಿರುವಾಗ ಒಂದು ಬೆಳಿಗ್ಗೆ ನರಸಿಂಹರಾಜಪುರದ ದಾರಿಯಲ್ಲಿರುವ ಕಾಫಿ ತೋಟವೊಂದರ ಮ್ಯಾನೇಜರು ಫೋನ್ ಮಾಡಿದರು.

"ನಮ್ಮ ಗೇಟಿನ ಮುಂದೆ ಕಾಲೊನಿಯವರು ಬಂದು ಕೂತಿದಾರೆ. ಒಬ್ಬೊಬ್ಬರ ಮುಖವೂ ಕಾಣೋ ಹಾಗೆ ಫೋಟೊ ತೆಗೀಬೇಕು. ಸ್ಟೇಷನ್ನಿಗೆ ಕೊಡೋದಿದೆ."

ವಿಷಯ ನನಗೆ ಗೊತ್ತಿತ್ತು. ತೋಟದ ಆಚೆ ಹಳ್ಳದ ದಂಡೆಯಲ್ಲಿ ದಲಿತ ಕಾಲೊನಿಯವರ ಸ್ಮಶಾನವಿದೆ. ಅವರ ಅಜ್ಜ ಮುತ್ತಜ್ಜರ ಕಾಲದಿಂದ ಹೆಣ ಹೊತ್ತು ಹೋಗುತ್ತಿದ್ದುದು ತೋಟದ ನಡುವಿನ ದಾರಿಯಲ್ಲೇ. ತೋಟ ಕೈ ಬದಲಾದ ಮೇಲೆ ಆ ದಾರಿಗೆ ಕಬ್ಬಿಣದ ಗೇಟು ಬಿತ್ತು. ಗುಡ್ಡ ಸುತ್ತಿ ಹಳ್ಳ ದಾಟಿ ಹೋಗಬೇಕಾಯಿತು. ಆ ಮಳೆಗಾಲದಲ್ಲಿ ಹಾಗೆ ದಾಟುವಾಗ ಚಟ್ಟ ಜಾರಿ ಹೆಣ ನೀರಿಗೆ ಬಿತ್ತು. ಮಾರನೆಯ ದಿನವೇ ಕಾಲೊನಿಯ ಅಕ್ಕ ಚಾಪೆ ತಂದು ಗೇಟಿನ ಮುಂದೆ ಹಾಸಿ ಕೂತರು.

ಅಕ್ಕ ಕಾಫಿ ಹಣ್ಣು ಕೊಯ್ದು ಬದುಕಿದವರು. ಸುತ್ತಿನ ಊರಿಗೆಲ್ಲ ಅವರು ಅಕ್ಕನೇ. ಹರೆಯದಲ್ಲಿ, ಅವರ ಜನಕ್ಕೆ ಹೊರಗೆ ಬೇರೆ ಲೋಟ ಇಟ್ಟಿದ್ದ ಒಂದು ಹೋಟೆಲಿನ ಒಳಗೆ ಹೋಗಿ ಬೆಂಚಿನ ಮೇಲೆ ಕೂತರಂತೆ. ಯಾರು ಎಷ್ಟು ಬೈದರೂ ತಿರುಗಿ ಬೈಯದೆ, ಮೇಜಿಗೆ ಕಾಫಿ ಬರುವವರೆಗೆ ಏಳದೆ, ಸಂಜೆ ಮಾಡಿದರಂತೆ. ಅಬ್ಬ ಅದನ್ನು ಕಣ್ಣಾರೆ ಕಂಡವರು. ಹೇಳುವಾಗಲೆಲ್ಲ ಅವರ ದನಿ ತಗ್ಗುತ್ತಿತ್ತು.

ನಾನು ಕ್ಯಾಮೆರಾ ಹಿಡಿದು ಹೋದಾಗ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಎದ್ದು ನಿಂತರು.

"ಎಂತಕ್ಕೆ ಮುಖ ಮುಚ್ಚೋದು? ನಾವೇನು ಕದಿಯೋಕೆ ಬಂದು ಕೂತಿದೀವಾ? ತಲೆ ಬಾಚ್ಕೊಳ್ಳಿ. ಸಾಬ್ರೇ, ಚೆನ್ನಾಗಿ ಬರಬೇಕು ನೋಡಿ ಮತ್ತೆ. ಪೊಲೀಸ್ನೋರಿಗೆ ಗುರುತು ಹಿಡಿಯೋಕೆ ಕಷ್ಟ ಆಗಬಾರದು."

ಒಂದೇ ಬಾಚಣಿಗೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೇ ಬಂದು ಕ್ಯಾಮೆರಾವನ್ನೇ ನೆಟ್ಟಗೆ ನೋಡುತ್ತ ನಿಂತರು. 'ಸ್ವಲ್ಪ ನಗಿ' ಎಂದು ದಿನಾ ಹೇಳುವ ನಾನು ಅಂದು ಅದನ್ನು ಹೇಳದೆಯೇ ಬಟನ್ ಒತ್ತುತ್ತ ಹೋದೆ.

ಅಷ್ಟರಲ್ಲಿ ತೋಟದ ಜೀಪು ಬಂತು. ಇಳಿದವರಲ್ಲಿ ಒಬ್ಬ ನೇರ ಬಂದು, ಕೂತವರು ಹೂಡಿಕೊಂಡಿದ್ದ ಒಲೆಯ ಮೇಲಿದ್ದ ಗಂಜಿ ಪಾತ್ರೆಯನ್ನು ಒದ್ದ. ಬಿಸಿ ಗಂಜಿ ಅಕ್ಕನ ಪಾದದ ಮೇಲೆ ಚೆಲ್ಲಿತು. ಕಾಲೊನಿಯ ಯುವಕನೊಬ್ಬ ಕಲ್ಲೆತ್ತಿದ. ಅಕ್ಕ ಕುಂಟುತ್ತ ಅವನ ಬಳಿ ಹೋಗಿ ಕೈಚಾಚಿದರು.

"ಕೊಡು ಮಾರಾಯ ಇಲ್ಲಿ. ಒಲೆ ಬಿದ್ದುಹೋಯ್ತಲ್ಲ, ಕಟ್ಟೋಕೆ ಬೇಕು."

ಅವನು ಕೊಟ್ಟ. ಅವರು ಆ ಕಲ್ಲನ್ನಿಟ್ಟೇ ಒಲೆ ಹೂಡಿ ಮತ್ತೆ ಅಕ್ಕಿ ಹಾಕಿದರು. ಗಂಜಿ ಬೆಂದ ಮೇಲೆ ಮೊದಲ ತಟ್ಟೆ ಹೋದದ್ದು ಜೀಪಿನವರಿಗೆ. "ಅವರೂ ಹಸಿದಿರ್ತಾರೆ" ಎಂದರು. ಇಬ್ಬರು ತೆಗೆದುಕೊಂಡರು. ಒದ್ದವನು ಜೀಪಿನೊಳಗೆ ಕೂತು ಬೇರೆ ಕಡೆ ನೋಡುತ್ತಿದ್ದ.

ಕೂತವರ ಮೇಲೆ ಕೇಸಾಯಿತು. ಆದರೂ ಅವರು ಕೂರುವುದನ್ನು ಬಿಡಲಿಲ್ಲ. ಮಳೆ ಇನ್ನೂ ನಿಂತಿರಲಿಲ್ಲ, ಕಾಲೊನಿಯಲ್ಲಿ ಮುದುಕರೊಬ್ಬರು ತೀರಿಕೊಂಡರು. ಸುದ್ದಿ ಕೇಳಿ ನಾನು ಯಾರೂ ಕರೆಯದೆಯೇ ಹೋದೆ. ಹೆಣವನ್ನು ಗೇಟಿನ ಮುಂದೆ ಇಳಿಸಿದ್ದರು. ಮ್ಯಾನೇಜರು ಒಳಗಡೆ, ಅಕ್ಕ ಹೊರಗಡೆ, ನಡುವೆ ಬೀಗ.

"ಇದನ್ನ ಒಡೆಯೋದು ನಮ್ಮ ಹುಡುಗರಿಗೆ ದೊಡ್ಡದಲ್ಲ ಸ್ವಾಮಿ," ಎಂದರು ಅಕ್ಕ. "ಒಡೆದ್ರೆ ನಾಳೆ ನೀವು ಇನ್ನೊಂದು ಹಾಕ್ತೀರಿ. ನೀವೇ ತೆಗೀಬೇಕು. ಅಲ್ಲೀವರೆಗೆ ಕಾಯ್ತೀವಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಭಾವವೂ ಇರಲಿಲ್ಲ. ಮ್ಯಾನೇಜರು ಮಾಲೀಕರಿಗೆ ಫೋನ್ ಮಾಡಿದರು, ಅತ್ತಿತ್ತ ಓಡಾಡಿದರು, ಮತ್ತೆ ಫೋನ್ ಮಾಡಿದರು. ಮಳೆ ಜೋರಾಯಿತು. ಯಾರೂ ಕದಲಲಿಲ್ಲ. ಹೆಂಗಸರು ತಮ್ಮ ಕೊಡೆಗಳನ್ನೆಲ್ಲ ಹೆಣಕ್ಕೆ ಹಿಡಿದು ತಾವು ನೆನೆಯುತ್ತಿದ್ದರು. ಅದನ್ನು ನೋಡುತ್ತ ನೋಡುತ್ತ ಮ್ಯಾನೇಜರು ಫೋನನ್ನು ಜೇಬಿಗಿಟ್ಟರು. ತಾವೇ ಕೀಲಿ ತರಿಸಿ ತಾವೇ ಬೀಗ ತೆಗೆದರು.

"ಇವತ್ತಿಗೆ ಮಾತ್ರ" ಎಂದರು, ಮೆಲ್ಲಗೆ.

"ಆಯ್ತು. ನೀವೂ ಬನ್ನಿ, ಒಂದು ಹಿಡಿ ಮಣ್ಣು ಹಾಕಿ" ಎಂದರು ಅಕ್ಕ.

ಆ ಮನುಷ್ಯ ಚಪ್ಪಲಿ ಬಿಟ್ಟು ಹೆಣದ ಹಿಂದೆ ನಡೆದರು. ನಾನು ಒಂದೂ ಫೋಟೊ ತೆಗೆಯಲಿಲ್ಲ. ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಮಳೆಗಾಲ ಮುಗಿದ ಮೇಲೆ ತಹಸೀಲ್ದಾರರು ಬಂದು ಅಳತೆ ಮಾಡಿಸಿದರು. ಗ್ರಾಮದ ನಕಾಶೆಯಲ್ಲಿ ದಾರಿ ಇತ್ತು. ಗೇಟು ಹೋಯಿತು, ಕೇಸೂ ಬಿದ್ದುಹೋಯಿತು.

ಕಳೆದ ವರ್ಷ ಅಕ್ಕ ತೀರಿಕೊಂಡರು. ಬಾಳೆಹೊನ್ನೂರಿನಿಂದ, ಶೃಂಗೇರಿ ಕಡೆಯಿಂದ, ನಾನು ಕಂಡೇ ಇರದ ಜನ ಬಂದಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದದ್ದು ನೆಮ್ಮಾರಿನ ಒಬ್ಬ ಹೆಂಗಸು. ತಮ್ಮ ಕೇರಿಗೆ ನೀರಿನ ಪೈಪು ಹಾಕಲು ಬಿಡದವರ ಮನೆಯೆದುರು ತಾವೂ ಕೂರುತ್ತಿದ್ದೇವೆ ಎಂದರು.

"ಅಕ್ಕ ಬಂದು ಹೇಳಿಕೊಟ್ಟು ಹೋಗಿದ್ರು. ಬೈಬೇಡಿ, ಏಳಬೇಡಿ ಅಂತ."

"ಈಗ ಮುಂದೆ ನಿಂತು ಮಾಡೋರು ಯಾರು?" ಎಂದು ಕೇಳಿದೆ.

ಆಕೆ ನನ್ನನ್ನು ಅಚ್ಚರಿಯಿಂದ ನೋಡಿದರು. "ಯಾರು ಅಂದ್ರೆ? ನಾವೇ."

ಬಸ್ಸು ಕೊಪ್ಪದಲ್ಲಿ ನಿಂತಿತು. ಕಂಡಕ್ಟರು ಕೂಗಿ ಹೇಳುವವರೆಗೂ ಇಳಿಯಬೇಕೆಂಬುದು ನನಗೆ ನೆನಪಾಗಲಿಲ್ಲ.