ಅಪ್ಪಯ್ಯಣ್ಣನ ಬಿಳಿ ಹಾಳೆ

ಸೂಲಿಬೆಲೆಯ ಅಪ್ಪಯ್ಯಣ್ಣ ಎಸ್.ಎಸ್.ಎಲ್.ಸಿ. ಪಾಸಾದವನು, ಖಾದಿ ತೊಟ್ಟವನು, ವಾರಕ್ಕೊಂದು ಕೆಲಸಕ್ಕೆ ಅರ್ಜಿ ಬರೆದು ಒಂದನ್ನೂ ಅಂಚೆಗೆ ಹಾಕದವನು. ಹೆಂಡದ ಕಂಟ್ರಾಕ್ಟರನ ಲೆಕ್ಕ ಬರೆಯುವುದು ಪಾಪ, ಬ್ರಿಟಿಷರ ಯುದ್ಧದ ಸಾಮಾನಿನ ಡಿಪೋ ಸೇರುವುದು ಅದಕ್ಕಿಂತ ದೊಡ್ಡ ಪಾಪ. ಪಾಪವಿಲ್ಲದ ಕೆಲಸವಾದರೂ ಅರ್ಜಿಯ ಕೊನೆಗೆ ಬಂದು ಲೇಖನಿ ನಿಂತುಬಿಡುತ್ತಿತ್ತು. "ತಮ್ಮ ವಿಧೇಯ ಸೇವಕ ಅಂತ ಹೆಂಗ್ ಬರೀಲಿ? ನಾನು ಯಾರ ಸೇವಕನೂ ಅಲ್ಲ ಕಣೋ" ಎಂದು ನೆರೆಮನೆಯ ನನಗೆ ಹೇಳಿ ಹಾಳೆ ಮಗುಚಿ, ಅದರ ಬೆನ್ನಿಗೆ ತನ್ನ ಕಾದಂಬರಿ ಮುಂದುವರಿಸುತ್ತಿದ್ದ; ಯುದ್ಧದಿಂದಾಗಿ ಕಾಗದವೇ ಸಿಗದ ಆ ಕಾಲದಲ್ಲಿ ಅದು ಬೆಳೆದದ್ದೇ ಹಾಗೆ. ತಾಯಿ ಮುನಿಲಕ್ಷ್ಮಮ್ಮ ಮುದ್ದೆ ಬಡಿಸುತ್ತಾ "ಕೆಲ್ಸ ಸಿಕ್ತೇನಪ್ಪಾ?" ಎಂದರೆ "ಹದಿನೇಳನೇ ಅಧ್ಯಾಯ ಮುಗೀತು ಕಣಮ್ಮ" ಎನ್ನುತ್ತಿದ್ದ. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಹೊಸಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತೆಯ ಜಾಗ ಖಾಲಿಯಾದಾಗ, ಅರ್ಜಿಯ ಒಕ್ಕಣೆ ಗೊತ್ತಿಲ್ಲದ ನಾನು ಅವನ ಬಳಿ ಹೋದೆ. ಕಾದಂಬರಿಯ ಕೊನೆಯ ಪುಟಕ್ಕೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಒಂದೇ ಒಂದು ಬಿಳಿ ಹಾಳೆ ತೆಗೆದು ನನ್ನ ಅರ್ಜಿ ಬರೆದ. 'ತಮ್ಮ ವಿಧೇಯ ಸೇವಕ' ಎಂಬುದನ್ನೂ ದುಂಡಗೆ ಬರೆದು, "ರುಜು ಹಾಕು, ನಿಂಗೆ ಮಕ್ಕಳವೆ" ಎಂದ. ಆ ಕೆಲಸದಲ್ಲೇ ನಾನು ಮುದುಕನಾದೆ. ಅವನು ಬರೆದದ್ದರಲ್ಲಿ ಯಾರಾದರೂ ಓದಿ ಒಪ್ಪಿಕೊಂಡದ್ದು ಆ ಒಂದು ಹಾಳೆಯನ್ನು ಮಾತ್ರ.